ಕಳವಿನ ಕಥಾಮಾಲಿಕೆ: ಡೊನಾಲ್ಡ್ ವೆಸ್ಟ್‌ಲೇಕ್ ಕಾದಂಬರಿಗಳ ಓದು ಮತ್ತು ಸಂಗ್ರಹ

ಶೂದ್ರಕನ ‘ಮೃಚ್ಛಕಟಿಕ’ದಲ್ಲಿ ಶರ್ವಿಲಕನು ಚಾರುದತ್ತನ ಮನೆಗೆ ಕನ್ನ ಹಾಕುವ ಮೊದಲು ಗೋಡೆಯನ್ನು ಪರೀಕ್ಷಿಸುತ್ತಾನೆ, ಕನ್ನದ ಆಕಾರ ಹೇಗಿರಬೇಕೆಂದು ಆಲೋಚಿಸುತ್ತಾನೆ. ಅಳತೆಯ ದಾರವನ್ನು ಮರೆತು ಬಂದಿರುವುದರಿಂದ ಜನಿವಾರದಿಂದಲೇ ಅಳೆಯುತ್ತಾನೆ. ಕಳ್ಳ ಯಾರೆಂಬುದು ಪ್ರೇಕ್ಷಕನಿಗೆ ಮೊದಲೇ ಗೊತ್ತು. ಕಳವು ಹೇಗೆ ನಡೆಯುತ್ತದೆ ಎಂಬುದರಲ್ಲಿಯೇ ಅವನ ಕುತೂಹಲ. ಇದೇ ಕುತೂಹಲವನ್ನು ಆಧರಿಸಿ ಇಪ್ಪತ್ತನೆಯ ಶತಮಾನದ ಅಮೆರಿಕದಲ್ಲಿ ಒಂದು ಪ್ರತ್ಯೇಕ ಕಾದಂಬರಿ ಪ್ರಕಾರ ಬೆಳೆಯಿತು. ಇಂಗ್ಲಿಷಿನಲ್ಲಿ ಅದಕ್ಕೆ ‘ಕೇಪರ್’ ಎಂದು ಹೆಸರು. ಪತ್ತೇದಾರಿ ಕಾದಂಬರಿ ಅಪರಾಧ ನಡೆದ ಮೇಲೆ ಆರಂಭವಾಗುತ್ತದೆ. ಕೇಪರ್ ಕಾದಂಬರಿ ಅಪರಾಧಕ್ಕೆ ಮುನ್ನವೇ ಆರಂಭವಾಗಿ ತಂಡದ ರಚನೆ, ಯೋಜನೆ, ಕಾರ್ಯ ಮತ್ತು ಅದರ ವಿಫಲತೆ ಎಂಬ ಕ್ರಮದಲ್ಲಿ ಸಾಗುತ್ತದೆ.

ಈ ಪ್ರಕಾರದಲ್ಲಿ ಡೊನಾಲ್ಡ್ ವೆಸ್ಟ್‌ಲೇಕ್ (1933–2008) ಅವರ ಸ್ಥಾನ ವಿಶಿಷ್ಟವಾದುದು. ಅವರು ಒಂದೇ ವಸ್ತುವನ್ನು ಎರಡು ಮಾಲಿಕೆಗಳಲ್ಲಿ, ಎರಡು ಹೆಸರುಗಳಲ್ಲಿ, ಎರಡು ರಸಗಳಲ್ಲಿ ನಿರ್ವಹಿಸಿದರು. ರಿಚರ್ಡ್ ಸ್ಟಾರ್ಕ್ ಎಂಬ ಗುಪ್ತನಾಮದಲ್ಲಿ ಬರೆದ ಪಾರ್ಕರ್ ಮಾಲಿಕೆಯಲ್ಲಿ 24 ಕಾದಂಬರಿಗಳಿವೆ. ಸ್ವಂತ ಹೆಸರಿನಲ್ಲಿ ಬರೆದ ಡಾರ್ಟ್‌ಮಂಡರ್ ಮಾಲಿಕೆಯಲ್ಲಿ 14 ಕಾದಂಬರಿಗಳಿವೆ. ಇವನ್ನು ಓದುವ ಕ್ರಮವೂ ಸಂಗ್ರಹಿಸುವ ಕ್ರಮವೂ ಪರಸ್ಪರ ಬೇರ್ಪಡಿಸಲಾಗದಂತಿರುವುದು ಸಾಹಿತ್ಯ ಚರಿತ್ರೆಯ ದೃಷ್ಟಿಯಿಂದ ಗಮನಾರ್ಹ.

ಎರಡು ಮಾಲಿಕೆಗಳ ಹುಟ್ಟು

ಪಾರ್ಕರ್ ಮೊದಲು ಕಾಣಿಸಿಕೊಂಡದ್ದು 1962ರಲ್ಲಿ ಪಾಕೆಟ್ ಬುಕ್ಸ್ ಪ್ರಕಟಿಸಿದ ‘ದಿ ಹಂಟರ್’ ಕಾದಂಬರಿಯಲ್ಲಿ. ಮೂಲ ಹಸ್ತಪ್ರತಿಯ ಕೊನೆಯಲ್ಲಿ ಅವನು ಪೊಲೀಸರ ಕೈಗೆ ಸಿಕ್ಕಿಬೀಳುತ್ತಿದ್ದನು. ಸಂಪಾದಕ ಬಕ್ಲಿನ್ ಮೂನ್ ಅವನನ್ನು ತಪ್ಪಿಸಿಕೊಳ್ಳಲು ಬಿಟ್ಟು ಕಥೆಯನ್ನು ಮುಂದುವರಿಸುವಂತೆ ಸೂಚಿಸಿದರು. ಹೀಗೆ ಒಂದು ಅಂತ್ಯದ ತಿದ್ದುಪಡಿಯಿಂದ ಒಂದು ಮಾಲಿಕೆ ಹುಟ್ಟಿತು. ಪಾರ್ಕರ್ ನಗುವವನಲ್ಲ, ಮಾತುಗಾರನಲ್ಲ. ಕಳವು ಅವನಿಗೆ ಬರಿಯ ವೃತ್ತಿ. ಕಥನದ ಶೈಲಿಯೂ ಅವನಂತೆಯೇ ಮಿತವಾದುದು.

1967ರಲ್ಲಿ ವೆಸ್ಟ್‌ಲೇಕ್ ಪಾರ್ಕರ್‌ಗಾಗಿ ಇನ್ನೊಂದು ಕಥೆಯನ್ನು ಆರಂಭಿಸಿದರು. ಒಂದೇ ಪಚ್ಚೆಯ ಹರಳನ್ನು ಮತ್ತೆ ಮತ್ತೆ ಕದಿಯಬೇಕಾಗಿ ಬರುವುದು ಅದರ ವಸ್ತು. ಪ್ರದರ್ಶನದಿಂದ ಕದ್ದ ಹರಳು ಕೈತಪ್ಪುತ್ತದೆ. ಅದರ ಹಿಂದೆ ತಂಡವು ಸೆರೆಮನೆಗೆ, ಪೊಲೀಸ್ ಠಾಣೆಗೆ, ಮಾನಸಿಕ ಆಸ್ಪತ್ರೆಗೆ, ಬ್ಯಾಂಕಿಗೆ ನುಗ್ಗಬೇಕಾಗುತ್ತದೆ. ಬರೆಯುತ್ತ ಹೋದಂತೆ ಕಥೆ ಹಾಸ್ಯದತ್ತ ವಾಲಿತು. ಪಾರ್ಕರ್‌ನ ಸ್ವಭಾವ ಅದನ್ನು ತಾಳಲಾರದಾಯಿತು. ಆಗ ಹೊಸ ನಾಯಕನ ಅಗತ್ಯ ಬಿದ್ದಿತು. ಮದ್ಯದಂಗಡಿಯೊಂದರಲ್ಲಿ ಕಂಡ ಜರ್ಮನ್ ಬಿಯರಿನ ಫಲಕದಿಂದ ಅವನಿಗೆ ‘ಡಾರ್ಟ್‌ಮಂಡರ್’ ಎಂಬ ಹೆಸರು ದೊರೆಯಿತು. 1970ರಲ್ಲಿ ಪ್ರಕಟವಾದ ‘ದಿ ಹಾಟ್ ರಾಕ್’ ಈ ಮಾಲಿಕೆಯ ಮೊದಲ ಕೃತಿ. ಡಾರ್ಟ್‌ಮಂಡರ್‌ನ ಯೋಜನೆಗಳಲ್ಲಿ ಲೋಪವಿರುವುದಿಲ್ಲ. ಆದರೆ ಲೋಕವು ಅವುಗಳಂತೆ ನಡೆದುಕೊಳ್ಳುವುದಿಲ್ಲ. ಈ ಮಾಲಿಕೆಯ ಹಾಸ್ಯದ ಮೂಲವೂ ವಿಷಾದದ ಮೂಲವೂ ಇದೇ.

ಬಿಡಿ ಕೃತಿಯೋ, ಇಡಿ ಮಾಲಿಕೆಯೋ?

ಈ ಕಾದಂಬರಿಗಳನ್ನು ಬಿಡಿಯಾಗಿ ಓದಬಹುದು. ಆದರೆ ಕೆಲವು ಅರ್ಥಗಳು ಇಡಿಯಾಗಿ ಓದಿದವರಿಗೆ ಮಾತ್ರ ತೆರೆದುಕೊಳ್ಳುತ್ತವೆ. 1974ರ ‘ಜಿಮ್ಮಿ ದಿ ಕಿಡ್’ ಇದಕ್ಕೆ ಉತ್ತಮ ನಿದರ್ಶನ. ಇದರಲ್ಲಿ ಡಾರ್ಟ್‌ಮಂಡರ್‌ನ ಸಹಚರ ಕೆಲ್ಪ್ ಒಂದು ಪಾರ್ಕರ್ ಕಾದಂಬರಿಯನ್ನು ತಂದು, ಅದರಲ್ಲಿರುವಂತೆಯೇ ಮಗುವೊಂದನ್ನು ಅಪಹರಿಸೋಣ ಎನ್ನುತ್ತಾನೆ. ‘ಚೈಲ್ಡ್ ಹೈಸ್ಟ್’ ಎಂಬ ಆ ಪುಸ್ತಕ ಈ ಕಾದಂಬರಿಯ ಹೊರಗೆ ಅಸ್ತಿತ್ವದಲ್ಲಿಯೇ ಇಲ್ಲ. ಪುಸ್ತಕದಲ್ಲಿ ಸುಸೂತ್ರವಾಗಿ ನಡೆದದ್ದೆಲ್ಲ ತಂಡದ ಕೈಯಲ್ಲಿ ಕೆಡುತ್ತದೆ. ಲೇಖಕರು ತಮ್ಮ ಒಂದು ಮಾಲಿಕೆಯಿಂದ ಇನ್ನೊಂದನ್ನು ವಿಮರ್ಶಿಸುತ್ತಿರುವುದು ಪಾರ್ಕರ್‌ನನ್ನು ಅರಿಯದ ಓದುಗನಿಗೆ ಅರ್ಧ ಮಾತ್ರ ತಲುಪುತ್ತದೆ.

ಹಾಗೆಯೇ ನಟನೂ ಕಳ್ಳನೂ ಆದ ಗ್ರೋಫೀಲ್ಡ್‌ನನ್ನು ನಾಯಕನಾಗುಳ್ಳ ‘ದಿ ಬ್ಲ್ಯಾಕ್‌ಬರ್ಡ್’ (1969) ಹಾಗೂ ಪಾರ್ಕರ್ ಮಾಲಿಕೆಯ ‘ಸ್ಲೇಗ್ರೌಂಡ್’ (1971) ಒಂದೇ ದರೋಡೆಯ ಅಧ್ಯಾಯದಿಂದ ಆರಂಭವಾಗುತ್ತವೆ. ಅಲ್ಲಿಂದ ಒಬ್ಬೊಬ್ಬನ ದಾರಿ ಒಂದೊಂದು ಪುಸ್ತಕವಾಗುತ್ತದೆ. ‘ಪ್ಲಂಡರ್ ಸ್ಕ್ವಾಡ್’ (1972) ಕೃತಿಯ ಒಂದು ಸನ್ನಿವೇಶವು ಇನ್ನೊಬ್ಬ ಲೇಖಕ ಜೋ ಗೋರ್ಸ್ ಅವರ ‘ಡೆಡ್ ಸ್ಕಿಪ್’ನಲ್ಲಿ ಬೇರೆ ಪಾತ್ರದ ದೃಷ್ಟಿಯಿಂದ ಬರುತ್ತದೆ. ಎರಡೂ ಪುಸ್ತಕಗಳನ್ನು ಅಕ್ಕಪಕ್ಕದಲ್ಲಿಟ್ಟುಕೊಂಡವರಿಗೆ ಮಾತ್ರ ಈ ಸಂಬಂಧ ಪೂರ್ಣವಾಗಿ ಕಾಣುತ್ತದೆ. ಇಲ್ಲಿ ಸಂಗ್ರಹವೇ ಓದಿನ ಒಂದು ವಿಧಾನವಾಗುತ್ತದೆ.

ಸಂಗ್ರಾಹಕನ ಎದುರಿನ ಸಮಸ್ಯೆಗಳು

ಸಂಗ್ರಹ ಸುಲಭವಾಗಿರಲಿಲ್ಲ. 1962ರಿಂದ 1974ರವರೆಗಿನ ಹದಿನಾರು ಪಾರ್ಕರ್ ಕಾದಂಬರಿಗಳು ಪಾಕೆಟ್ ಬುಕ್ಸ್, ಗೋಲ್ಡ್ ಮೆಡಲ್, ರ‍್ಯಾಂಡಮ್ ಹೌಸ್ ಎಂಬ ಮೂರು ಪ್ರಕಾಶನಗಳಲ್ಲಿ ಹಂಚಿಹೋಗಿದ್ದವು. ಮೊದಲ ಹನ್ನೆರಡು ಪುಸ್ತಕಗಳು ಅಗ್ಗದ ಪೇಪರ್‌ಬ್ಯಾಕ್‌ಗಳು. ಓದಿ ಎಸೆಯುವುದಕ್ಕೆಂದೇ ಅಚ್ಚಾದ ಇಂತಹ ಪುಸ್ತಕಗಳ ಕಾಗದ ಬೇಗನೆ ಹಳದಿಯಾಗಿ ಮುರಿಯುತ್ತದೆ. ಹೆಸರುಗಳ ಗೊಂದಲವೂ ಇತ್ತು. ‘ದಿ ಹಂಟರ್’ ಚಲನಚಿತ್ರವಾದ ಮೇಲೆ ‘ಪಾಯಿಂಟ್ ಬ್ಲ್ಯಾಂಕ್’ ಎಂದೂ, ‘ದಿ ಸೆವೆಂತ್’ ಹಾಗೆಯೇ ‘ದಿ ಸ್ಪ್ಲಿಟ್’ ಎಂದೂ ಮರುಮುದ್ರಣಗೊಂಡವು. ‘ದಿ ಸ್ಕೋರ್’ ‘ಕಿಲ್‌ಟೌನ್’ ಆಯಿತು. ಹೊಸ ಕೃತಿಯೆಂದು ಕೊಂಡವನು ಮನೆಗೆ ಬಂದು ನೋಡಿದಾಗ ಹಳೆಯ ಕೃತಿಯೇ ಕೈಯಲ್ಲಿರುವ ಸಂಭವವಿತ್ತು. 1974ರ ‘ಬುಚರ್ಸ್ ಮೂನ್’ ನಂತರ ಪಾರ್ಕರ್ 23 ವರ್ಷ ಮೌನವಾದನು. 1997ರ ‘ಕಮ್‌ಬ್ಯಾಕ್’ನಲ್ಲಿ ಮರಳಿದನು. ಈ ನಡುವೆ ‘ಬುಚರ್ಸ್ ಮೂನ್’ ಪ್ರತಿಗಳು ಅಪರೂಪವಾಗಿ, ಹಳೆಯ ಪುಸ್ತಕಗಳ ಮಾರುಕಟ್ಟೆಯಲ್ಲಿ ದುಬಾರಿಯಾದವು.

ಯಾವ ಮುದ್ರಣ ಮೊದಲನೆಯದು, ಯಾವ ಹೆಸರು ಲೇಖಕನದು, ಯಾವುದು ಪ್ರಕಾಶಕನದು, ಯಾವ ಕೃತಿಯ ನಂತರ ಯಾವುದು ಎಂಬ ಪ್ರಶ್ನೆಗಳಿಗೆ ಸಂಗ್ರಾಹಕರು ತಮ್ಮ ಪಟ್ಟಿಗಳಲ್ಲಿ ಉತ್ತರ ಹುಡುಕಿದರು. ಹಸ್ತಪ್ರತಿಗಳನ್ನು ಪರಿಷ್ಕರಿಸುವ ವಿದ್ವಾಂಸನ ಎದುರಿಗಿರುವ ಪ್ರಶ್ನೆಗಳೂ ಇವೇ. ವ್ಯತ್ಯಾಸವೆಂದರೆ, ಈ ಕೆಲಸ ಬಹುಕಾಲ ವಿದ್ವತ್ತಿನ ಮನ್ನಣೆಯಿಲ್ಲದೆ ನಡೆಯಿತು.

2008ರಲ್ಲಿ ಚಿಕಾಗೋ ವಿಶ್ವವಿದ್ಯಾಲಯದ ಮುದ್ರಣಾಲಯವು ಪಾರ್ಕರ್ ಕಾದಂಬರಿಗಳನ್ನು ಮೊದಲಿನಿಂದ ಮರುಮುದ್ರಿಸತೊಡಗಿತು. ಅದೇ ವರ್ಷದ ಡಿಸೆಂಬರ್ 31ರಂದು ವೆಸ್ಟ್‌ಲೇಕ್ ತೀರಿಕೊಂಡರು. ಡಾರ್ಟ್‌ಮಂಡರ್‌ನ ಕೊನೆಯ ಕಾದಂಬರಿ ‘ಗೆಟ್ ರಿಯಲ್’ 2009ರಲ್ಲಿ ಮರಣೋತ್ತರವಾಗಿ ಪ್ರಕಟವಾಯಿತು. ಈಗ ಪಠ್ಯ ಸುಲಭವಾಗಿ ದೊರೆಯುತ್ತದೆ. ಆದರೂ ಹಳೆಯ ಪ್ರತಿಗಳ ಮೌಲ್ಯ ಕುಂದಿಲ್ಲ. ಮೊದಲ ಓದುಗರು ಈ ಪುಸ್ತಕಗಳನ್ನು ಎಷ್ಟು ಬೆಲೆಗೆ, ಎಂತಹ ಮುಖಪುಟ ಕಂಡು, ಯಾವ ಹೆಸರಿನಲ್ಲಿ ಕೊಂಡರೆಂಬುದಕ್ಕೆ ಅವೇ ಆಕರ. ಜನಪ್ರಿಯ ಸಾಹಿತ್ಯ ಸಾವಿರಾರು ಪ್ರತಿಗಳಲ್ಲಿ ಅಚ್ಚಾಗುವುದರಿಂದ ಅದನ್ನು ಕಾಯ್ದಿಡುವ ಅಗತ್ಯ ಯಾರಿಗೂ ತೋರುವುದಿಲ್ಲ. ಆದ್ದರಿಂದಲೇ ಅದು ಮೊದಲು ಕಣ್ಮರೆಯಾಗುತ್ತದೆ. ಅದರ ಚರಿತ್ರೆಯನ್ನು ಬರೆಯುವವರು ಗ್ರಂಥಾಲಯದ ಸೂಚಿಯಷ್ಟೇ ಗಂಭೀರವಾಗಿ ಸಂಗ್ರಾಹಕನ ಕಪಾಟನ್ನೂ ಪರಿಗಣಿಸಬೇಕಾಗುತ್ತದೆ.