ಎಪಿ ಮನಃಶಾಸ್ತ್ರ ಪರೀಕ್ಷೆ

ಅಮೆರಿಕದ ಹೈಸ್ಕೂಲ್ ವಿದ್ಯಾರ್ಥಿಗಳು ಕಾಲೇಜಿನ ಆರಂಭಿಕ ಹಂತದ ಮನಃಶಾಸ್ತ್ರವನ್ನು ಶಾಲೆಯಲ್ಲಿಯೇ ಓದಿ ಬರೆಯುವ ಪರೀಕ್ಷೆ. ಎಪಿ ಎಂಬುದು ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್ ಎಂಬುದರ ಹ್ರಸ್ವರೂಪ. ನ್ಯೂಯಾರ್ಕ್‌ನ ಕಾಲೇಜ್ ಬೋರ್ಡ್ ಸಂಸ್ಥೆ ಇದನ್ನು ಪ್ರತಿವರ್ಷ ಮೇ ತಿಂಗಳಲ್ಲಿ ನಡೆಸಿ, ಜುಲೈನಲ್ಲಿ ಫಲಿತಾಂಶ ಪ್ರಕಟಿಸುತ್ತದೆ. ಫಲಿತಾಂಶವನ್ನು 1ರಿಂದ 5ರವರೆಗಿನ ಶ್ರೇಣಿಯಲ್ಲಿ ಕೊಡಲಾಗುತ್ತದೆ. 3 ಅಥವಾ ಅದಕ್ಕಿಂತ ಮೇಲಿನ ಶ್ರೇಣಿಗೆ ಅನೇಕ ಕಾಲೇಜುಗಳು ಕ್ರೆಡಿಟ್ ನೀಡುತ್ತವೆ. ಕೆಲವು ಕಾಲೇಜುಗಳು 4 ಅಥವಾ 5 ಕೇಳುತ್ತವೆ. ಈ ತೀರ್ಮಾನ ಆಯಾ ಕಾಲೇಜಿಗೆ ಬಿಟ್ಟದ್ದು.

ಇತಿಹಾಸ

ಎಪಿ ಯೋಜನೆ 1955ರಲ್ಲಿ ಕಾಲೇಜ್ ಬೋರ್ಡ್‌ನ ಆಡಳಿತಕ್ಕೆ ಬಂತು. ಮನಃಶಾಸ್ತ್ರ ಅದಕ್ಕೆ ತಡವಾಗಿ ಸೇರಿದ ವಿಷಯ. ಮೊದಲ ಪರೀಕ್ಷೆ ನಡೆದದ್ದು 1992ರಲ್ಲಿ. ಬರೆದವರು ಸುಮಾರು 4 ಸಾವಿರ ಮಂದಿ. 2023ರ ವೇಳೆಗೆ ಈ ಸಂಖ್ಯೆ 3 ಲಕ್ಷ ದಾಟಿ, ಹೆಚ್ಚು ವಿದ್ಯಾರ್ಥಿಗಳು ಆರಿಸಿಕೊಳ್ಳುವ ಎಪಿ ವಿಷಯಗಳಲ್ಲಿ ಇದೂ ಒಂದಾಯಿತು. ಅದೇ ವರ್ಷ ಫ್ಲಾರಿಡಾ ರಾಜ್ಯದಲ್ಲಿ ಲಿಂಗತ್ವ ಮತ್ತು ಲೈಂಗಿಕ ಒಲವಿನ ಕುರಿತ ಪಾಠಭಾಗದ ಬಗ್ಗೆ ವಿವಾದ ಎದ್ದಿತು. ಆ ಭಾಗವನ್ನು ಕೈಬಿಡಲು ಕಾಲೇಜ್ ಬೋರ್ಡ್ ಒಪ್ಪಲಿಲ್ಲ. ಪಠ್ಯವನ್ನು ಪೂರ್ತಿಯಾಗಿ ಬೋಧಿಸಬಹುದೆಂದು ರಾಜ್ಯದ ಶಿಕ್ಷಣಾಧಿಕಾರಿಗಳು ಕೊನೆಗೆ ಸ್ಪಷ್ಟಪಡಿಸಿದರು.

ಪಠ್ಯ ಮತ್ತು ಪ್ರಶ್ನೆಪತ್ರಿಕೆ

2024-25ನೇ ಸಾಲಿನಲ್ಲಿ ಪಠ್ಯವನ್ನು ಪರಿಷ್ಕರಿಸಿ, ಹಿಂದಿನ ಒಂಬತ್ತು ಘಟಕಗಳನ್ನು ಐದಕ್ಕೆ ಇಳಿಸಲಾಯಿತು. ವರ್ತನೆಯ ಜೈವಿಕ ನೆಲೆ, ಸಂಜ್ಞಾನ, ವಿಕಾಸ ಮತ್ತು ಕಲಿಕೆ, ಸಾಮಾಜಿಕ ಮನಃಶಾಸ್ತ್ರ ಮತ್ತು ವ್ಯಕ್ತಿತ್ವ, ಮಾನಸಿಕ ಮತ್ತು ದೈಹಿಕ ಆರೋಗ್ಯ ಇವೇ ಆ ಐದು. ಸಂಶೋಧನಾ ವಿಧಾನಕ್ಕೆ ಪ್ರತ್ಯೇಕ ಘಟಕವಿಲ್ಲ. ಅದು ಎಲ್ಲ ಘಟಕಗಳಲ್ಲೂ ಹರಡಿಕೊಂಡಿದೆ.

2025ರ ಮೇ ತಿಂಗಳಿಂದ ಪರೀಕ್ಷೆ ಬ್ಲೂಬುಕ್ ಎಂಬ ಆ್ಯಪ್ ಮೂಲಕ ಕಂಪ್ಯೂಟರಿನಲ್ಲಿ ನಡೆಯುತ್ತಿದೆ. ಮೊದಲ ಭಾಗದಲ್ಲಿ 90 ನಿಮಿಷಕ್ಕೆ 75 ಬಹು ಆಯ್ಕೆಯ ಪ್ರಶ್ನೆಗಳಿದ್ದು, ಒಟ್ಟು ಅಂಕದ ಮೂರನೇ ಎರಡರಷ್ಟು ಪಾಲು ಅವುಗಳದ್ದು. ಹಳೆಯ ಕ್ರಮದಲ್ಲಿ 70 ನಿಮಿಷಕ್ಕೆ 100 ಪ್ರಶ್ನೆಗಳಿದ್ದವು. ಒಂದೊಂದಕ್ಕೆ ಸಿಗುತ್ತಿದ್ದದ್ದು 42 ಸೆಕೆಂಡು. ಈಗ 72 ಸೆಕೆಂಡು ಸಿಗುತ್ತದೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಕಾಗಿಲ್ಲ.

ಎರಡನೇ ಭಾಗಕ್ಕೆ 70 ನಿಮಿಷ. ಇಲ್ಲಿ ತಲಾ 7 ಅಂಕದ ಎರಡು ಬರವಣಿಗೆಯ ಪ್ರಶ್ನೆಗಳಿರುತ್ತವೆ. ಮೊದಲನೆಯದು ಲೇಖನ ವಿಶ್ಲೇಷಣೆ. ಒಂದು ಅಧ್ಯಯನದ ಸಾರಾಂಶವನ್ನು ಓದಿ, ಅದರ ಸಂಶೋಧನಾ ವಿಧಾನ, ಚರಾಂಶವನ್ನು ಅಳೆದ ಬಗೆ, ಅಂಕಿಅಂಶದ ಅರ್ಥ, ಪಾಲಿಸಿದ ನೈತಿಕ ನಿಯಮ, ಫಲಿತಾಂಶ ಯಾರಿಗೆಲ್ಲ ಅನ್ವಯಿಸುತ್ತದೆ ಎಂಬುದನ್ನು ಬರೆಯಬೇಕು. ಎರಡನೆಯದರಲ್ಲಿ ಮೂರು ಅಧ್ಯಯನಗಳ ಸಾರಾಂಶ ಕೊಟ್ಟಿರುತ್ತಾರೆ. ವಿದ್ಯಾರ್ಥಿ ತನ್ನ ನಿಲುವನ್ನು ಹೇಳಿ, ಎರಡು ಅಧ್ಯಯನಗಳಿಂದ ಪುರಾವೆ ತೆಗೆದು, ಒಂದೊಂದು ಪುರಾವೆಗೂ ಪಾಠದ ಬೇರೆ ಬೇರೆ ಪರಿಕಲ್ಪನೆಯನ್ನು ಜೋಡಿಸಿ ವಾದವನ್ನು ನಿಲ್ಲಿಸಬೇಕು. ಈ ಉತ್ತರಗಳ ಮೌಲ್ಯಮಾಪನ ಮಾಡುವವರು ಕಾಲೇಜು ಅಧ್ಯಾಪಕರು ಮತ್ತು ಎಪಿ ಶಿಕ್ಷಕರು.

ಟ್ಯೂಷನ್ನಿನ ಪಾತ್ರ

ಮನಃಶಾಸ್ತ್ರವನ್ನು ಸುಲಭದ ಎಪಿ ವಿಷಯವೆಂದು ಆರಿಸಿಕೊಳ್ಳುವವರು ಬಹಳ. ಪಾರಿಭಾಷಿಕ ಪದಗಳನ್ನು ಕಾರ್ಡುಗಳಲ್ಲಿ ಬರೆದಿಟ್ಟು ಬಾಯಿಪಾಠ ಮಾಡುವುದೇ ಅವರ ಸಾಮಾನ್ಯ ತಯಾರಿ. ಪ್ರಶ್ನೆಗಳಾದರೋ ವ್ಯಾಖ್ಯೆಯನ್ನು ಕೇಳುವುದು ಕಡಿಮೆ. ಒಂದು ಸನ್ನಿವೇಶವನ್ನು ಮುಂದಿಟ್ಟು ಅಲ್ಲಿ ಕೆಲಸ ಮಾಡುತ್ತಿರುವ ತತ್ತ್ವ ಯಾವುದೆಂದು ಗುರುತಿಸಲು ಹೇಳುತ್ತವೆ. ಟ್ಯೂಟರ್ ನೆರವು ಹೆಚ್ಚು ಬೇಕಾಗುವುದು ಇಲ್ಲಿಯೇ.

ಪದೇ ಪದೇ ಎಡವುವ ಒಂದು ಜಾಗ ಋಣಾತ್ಮಕ ಪುನರ್ಬಲನ. ಹೆಸರಿನಲ್ಲಿ ಋಣವಿದೆಯೆಂದು ಅದನ್ನು ಶಿಕ್ಷೆಯೆಂದೇ ತಿಳಿಯುವವರು ಹೆಚ್ಚು. ಕಾರಿನಲ್ಲಿ ಸೀಟ್‌ಬೆಲ್ಟ್ ಹಾಕುವವರೆಗೂ ಬಡಿದುಕೊಳ್ಳುವ ಸದ್ದು ಬೆಲ್ಟ್ ಹಾಕಿದೊಡನೆ ನಿಲ್ಲುತ್ತದೆ. ಹಿತವಲ್ಲದ್ದು ತೊಲಗಿದ್ದರಿಂದ ಬೆಲ್ಟ್ ಹಾಕುವ ಅಭ್ಯಾಸ ಬಲಗೊಳ್ಳುತ್ತದೆ. ಶಿಕ್ಷೆಯ ಪರಿಣಾಮ ಇದಕ್ಕೆ ವಿರುದ್ಧ: ಅದು ವರ್ತನೆಯನ್ನು ತಗ್ಗಿಸುತ್ತದೆ. ಒಳ್ಳೆಯ ಟ್ಯೂಟರ್ ಇದನ್ನು ತಾನೇ ಹೇಳಿ ಮುಗಿಸುವುದಿಲ್ಲ. ‘ಇಲ್ಲಿ ವರ್ತನೆ ಹೆಚ್ಚಿತೋ ಕಡಿಮೆಯಾಯಿತೋ? ಏನು ಬಂತು, ಏನು ಹೋಯಿತು?’ ಎಂಬ ಎರಡು ಪ್ರಶ್ನೆ ಕೇಳಿ ಉತ್ತರವನ್ನು ವಿದ್ಯಾರ್ಥಿಯಿಂದಲೇ ಹೊರಡಿಸುತ್ತಾನೆ.

ಇನ್ನೊಂದು ಗೊಂದಲ ಸಂಶೋಧನಾ ವಿಧಾನದ್ದು. ಇಡೀ ಸಮುದಾಯದಿಂದ ಅಧ್ಯಯನಕ್ಕೆ ಜನರನ್ನು ಚೀಟಿ ಎತ್ತಿದಂತೆ ಆರಿಸುವುದು ಯಾದೃಚ್ಛಿಕ ಆಯ್ಕೆ. ಆರಿಸಿದವರನ್ನು ಅದೇ ರೀತಿ ಗುಂಪುಗಳಿಗೆ ಹಂಚುವುದು ಯಾದೃಚ್ಛಿಕ ಹಂಚಿಕೆ. ಫಲಿತಾಂಶವನ್ನು ಸಮುದಾಯಕ್ಕೆ ಅನ್ವಯಿಸಲು ಮೊದಲನೆಯದು ಬೇಕು. ಇದರಿಂದಲೇ ಅದು ಆಯಿತು ಎಂದು ಕಾರಣ ಹೇಳಲು ಎರಡನೆಯದು ಬೇಕು. ಇವೆರಡನ್ನು ಅದಲುಬದಲು ಮಾಡಿದರೆ ಲೇಖನ ವಿಶ್ಲೇಷಣೆಯಲ್ಲಿ ಅಂಕ ಕೈತಪ್ಪುತ್ತದೆ.

ಒಬ್ಬೊಬ್ಬರಿಗೇ ಕೊಡುವ ಬೋಧನೆಯ ಫಲ ಸ್ವತಃ ಸಂಶೋಧನೆಯ ವಿಷಯವಾಗಿದೆ. ಹಾಗೆ ಕಲಿತ ಸಾಧಾರಣ ವಿದ್ಯಾರ್ಥಿಯೂ ತರಗತಿಯಲ್ಲಿ ಕಲಿತ ಸುಮಾರು 98 ಪ್ರತಿಶತ ಮಂದಿಗಿಂತ ಮೇಲೆ ನಿಂತನೆಂದು ಶಿಕ್ಷಣ ಮನಃಶಾಸ್ತ್ರಜ್ಞ ಬೆಂಜಮಿನ್ ಬ್ಲೂಮ್ 1984ರಲ್ಲಿ ಬರೆದರು. ಲಾಭ ಅಷ್ಟು ದೊಡ್ಡದಲ್ಲವೆಂದು ನಂತರದ ಸಮೀಕ್ಷೆಗಳು ಹೇಳಿದವು. ಲಾಭವಿದೆ ಎಂಬುದನ್ನು ಅಲ್ಲಗಳೆಯಲಿಲ್ಲ.

ಓದುವ ಕ್ರಮ

ಈ ಪರೀಕ್ಷೆಗೆ ಹೇಗೆ ಓದಬೇಕೆಂಬುದು ಇದರ ಪಠ್ಯದಲ್ಲಿಯೇ ಇದೆ. ಕಲಿತದ್ದು ಬೇಗನೆ ಮರೆಯುತ್ತದೆ, ಆಮೇಲೆ ಮರೆವು ನಿಧಾನವಾಗುತ್ತದೆ ಎಂದು ಮನಃಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿಯೇ ತೋರಿಸಿದ್ದರು. 2006ರಲ್ಲಿ ಮನಃಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ ಕೆಲವು ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗವನ್ನು ಮತ್ತೆ ಓದಲು ಕೊಟ್ಟರು. ಉಳಿದವರಿಗೆ ಅದನ್ನು ನೋಡದೆ ನೆನಪಿನಿಂದ ಬರೆಯಲು ಹೇಳಿದರು. 5 ನಿಮಿಷದ ನಂತರ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ನೆನಪಿನಿಂದ ಬರೆದವರು ಮುಂದಾದರು. ಹೀಗಾಗಿ ಕೊನೆಯ ವಾರದಲ್ಲಿ ಎಲ್ಲವನ್ನೂ ತುರುಕುವ ಬದಲು ವಾರವಾರವೂ ಹಳೆಯ ಘಟಕದ ಒಂದಿಷ್ಟು ಪ್ರಶ್ನೆಗಳನ್ನು ಬಿಡಿಸುವುದು ಮೇಲು. ಕಾಲೇಜ್ ಬೋರ್ಡ್‌ನ ಎಪಿ ಕ್ಲಾಸ್‌ರೂಮ್ ಜಾಲತಾಣದಲ್ಲಿ ಅಭ್ಯಾಸದ ಪ್ರಶ್ನೆಗಳೂ ಪಾಠದ ವಿಡಿಯೋಗಳೂ ಸಿಗುತ್ತವೆ. ಹಳೆಯ ಪ್ರಶ್ನೆಪತ್ರಿಕೆಗಳನ್ನು ವಿಷಯ ತಿಳಿಯಲು ಬಳಸಬಹುದಾದರೂ, 2025ಕ್ಕಿಂತ ಹಿಂದಿನ ಬರವಣಿಗೆಯ ಪ್ರಶ್ನೆಗಳ ಸ್ವರೂಪವೇ ಬೇರೆ.

ಭಾರತ ಮತ್ತು ಕರ್ನಾಟಕ

ಅಮೆರಿಕದ ಕಾಲೇಜುಗಳಿಗೆ ಹೋಗಬಯಸುವವರು ಭಾರತದ ಮಾನ್ಯತೆ ಪಡೆದ ಕೇಂದ್ರಗಳಲ್ಲಿ ಎಪಿ ಪರೀಕ್ಷೆ ಬರೆಯಬಹುದು. ಕರ್ನಾಟಕದ ಪಿಯುಸಿಯಲ್ಲಿಯೂ ಮನಃಶಾಸ್ತ್ರ ಐಚ್ಛಿಕ ವಿಷಯವಾಗಿದೆ, ಆದರೆ ಅದಕ್ಕೂ ಎಪಿಗೂ ಸಂಬಂಧವಿಲ್ಲ. ಅಮೆರಿಕದ ಶಾಲಾಮಕ್ಕಳಿಗೆ ದೂರದಿಂದ ಪಾಠ ಹೇಳುವ ಉದ್ಯಮದಲ್ಲಿ ಮಾತ್ರ ಬೆಂಗಳೂರಿಗೆ ಹಳೆಯ ನಂಟಿದೆ. ಇಲ್ಲಿ 2005ರಲ್ಲಿ ಆರಂಭವಾದ ಟ್ಯೂಟರ್‌ವಿಸ್ಟಾ ತಿಂಗಳಿಗೆ ಸುಮಾರು 100 ಡಾಲರಿಗೆ ಅವರಿಗೆ ಆನ್‌ಲೈನ್ ಟ್ಯೂಷನ್ ಕೊಡುತ್ತಿತ್ತು. ಶಿಕ್ಷಕರು ತಮ್ಮ ಮನೆಗಳಿಂದಲೇ ಪಾಠ ಮಾಡುತ್ತಿದ್ದರು. 2011ರಲ್ಲಿ ಅದರ ಬಹುಪಾಲು ಬ್ರಿಟನ್ನಿನ ಪಿಯರ್ಸನ್ ಕಂಪನಿಯ ಕೈಸೇರಿತು. 2017ರಲ್ಲಿ ಅದನ್ನು ಬೆಂಗಳೂರಿನದೇ ಆದ ಬೈಜೂಸ್ ಕೊಂಡಿತು.