ಚನ್ನಗಿರಿಯ ಸಿಪಾಯಿ ದೋಂಡಿಯಾ ವಾಘ್: ಊರಲ್ಲೇ ರಾಜ್ಯ ಕಟ್ಟಲು ಹೊರಟವನ ಕಥೆ, ಮೈಸೂರಲ್ಲಿ ನೆಲೆ ನಿಂತ ಮಗನ ಕಥೆ

ಶಿವಮೊಗ್ಗ: ವಾಟರ್‌ಲೂ ಯುದ್ಧದಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಹೆಸರು ಎಲ್ಲರೂ ಕೇಳಿರ್ತಾರೆ. ಅದೇ ವೆಲ್ಲಿಂಗ್ಟನ್‌ನನ್ನು ಅದಕ್ಕೂ 15 ವರ್ಷ ಮೊದಲು ತಿಂಗಳುಗಟ್ಟಲೆ ಕುದುರೆ ಮೇಲೆ ಓಡಾಡಿಸಿದವನು ನಮ್ಮ ಚನ್ನಗಿರಿಯವನು. ಹೆಸರು ದೋಂಡಿಯಾ ವಾಘ್.

1997ರಲ್ಲಿ ದಾವಣಗೆರೆ ಜಿಲ್ಲೆ ಆಗುವವರೆಗೂ ಚನ್ನಗಿರಿ, ಹೊನ್ನಾಳಿ ಎರಡೂ ಶಿವಮೊಗ್ಗ ಜಿಲ್ಲೆಯಲ್ಲೇ ಇದ್ದವು. ಹಾಗಾಗಿ ಈ ಕಥೆಯ ಅರ್ಧಭಾಗ ನಮ್ಮ ಜಿಲ್ಲೆಯಲ್ಲೇ ನಡೆದದ್ದು.

ಯಾರು ಈತ?

ದೋಂಡಿಯಾ ಚನ್ನಗಿರಿಯ ಮರಾಠಾ ಪವಾರ್ ಮನೆತನದವನು. ಹೈದರಾಲಿಯ ಕುದುರೆ ಪಡೆಗೆ ಸಾಮಾನ್ಯ ಸವಾರನಾಗಿ ಸೇರಿದ. ಪಾಳೇಗಾರನಲ್ಲ, ಅರಸು ಮಗನೂ ಅಲ್ಲ. ಟಿಪ್ಪು ಕಾಲದಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಮೇಲೆ ಬಂದಾಗ, ಕೈಗೆ ಸಿಕ್ಕಿದ್ದನ್ನು ಬಾಚಿಕೊಂಡು ತನ್ನ ಜನರ ಜೊತೆ ಧಾರವಾಡದ ಕಡೆ ಹೊರಟುಬಿಟ್ಟ. ಅಲ್ಲಿ ಮರಾಠಾ ಸರದಾರ ಧೋಂಡೋಪಂತ ಗೋಖಲೆ ಇವನನ್ನು ನೆಲೆ ನಿಲ್ಲಲು ಬಿಡಲಿಲ್ಲ. ಇಬ್ಬರ ಹಗೆ ಶುರುವಾಗಿದ್ದು ಅಲ್ಲಿಂದ.

ದಾರಿ ಕಾಣದೆ ಮತ್ತೆ ಟಿಪ್ಪು ಬಳಿಗೇ ಬಂದ. ಟಿಪ್ಪು ಅವನನ್ನು ಇಸ್ಲಾಂಗೆ ಸೇರಿಸಿ ಕೆಲಸ ಕೊಟ್ಟ. ಆದರೆ ನಂಬಿಕೆ ಉಳಿಯಲಿಲ್ಲ. ಕೊನೆಗೆ ಶ್ರೀರಂಗಪಟ್ಟಣದ ಸೆರೆಮನೆ ಸೇರಿದ.

ಬಾಗಿಲು ತೆರೆಯಿತು

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಕೈದಿಗಳು ಹೊರಬಂದರು. ಅವರಲ್ಲಿ ದೋಂಡಿಯಾನೂ ಒಬ್ಬ. ಅವತ್ತು ಟಿಪ್ಪುವಿನ ಸಾವಿರಾರು ಸವಾರರಿಗೆ ಒಡೆಯನೂ ಇಲ್ಲ, ಸಂಬಳವೂ ಇಲ್ಲ. ಕತ್ತಿ, ಕುದುರೆ ಬಿಟ್ಟರೆ ಬೇರೆ ಕಸುಬು ಗೊತ್ತಿಲ್ಲ. ದೋಂಡಿಯಾ ಅಂಥವರನ್ನು ಕೂಡಿಸಿಕೊಂಡು ಸೀದಾ ತನ್ನ ಹುಟ್ಟೂರಿನ ಸೀಮೆಗೆ, ಬಿದನೂರು ನಾಡಿಗೆ ಬಂದ.

ಕೆಲವೇ ವಾರದಲ್ಲಿ ಬಿದನೂರು, ಶಿವಮೊಗ್ಗ, ಹೊನ್ನಾಳಿ, ಶಿಕಾರಿಪುರದ ಕಡೆಯೆಲ್ಲ ಅವನದೇ ಮಾತು. ಊರೂರಿಂದ ಹಣ ವಸೂಲಿಯೂ ಆಯ್ತು, ಲೂಟಿಯೂ ಆಯ್ತು. 1791ರಲ್ಲಷ್ಟೇ ಪರಶುರಾಮ ಭಾವೂನ ಮರಾಠಾ ದಂಡು ಶಿವಮೊಗ್ಗವನ್ನು ಸೂರೆ ಮಾಡಿತ್ತು. ಎಂಟು ವರ್ಷದೊಳಗೆ ಪೇಟೆ ಜನರಿಗೆ ಇದು ಎರಡನೇ ಪೆಟ್ಟು. ದೋಂಡಿಯಾನನ್ನು ಬ್ರಿಟಿಷರ ವಿರುದ್ಧ ನಿಂತ ವೀರ ಅಂತ ಹೊಗಳುವಾಗ, ಅಂಗಡಿ ಮುಚ್ಚಿ ಊರು ಬಿಟ್ಟವರನ್ನೂ ನೆನೆಯಬೇಕಾಗುತ್ತದೆ. ಹಾಗಂತ ಬರೀ ದರೋಡೆಕೋರ ಅಂದುಬಿಡುವುದೂ ಸರಿಯಲ್ಲ. ಆ ಹೆಸರು ಇಟ್ಟವರು ಅವನನ್ನು ಬೇಟೆಯಾಡಿದ ಕಂಪನಿಯವರೇ.

1799ರ ಆಗಸ್ಟ್‌ನಲ್ಲಿ ಕರ್ನಲ್ ಡಾಲ್‌ರಿಂಪಲ್, ಕರ್ನಲ್ ಸ್ಟೀವನ್‌ಸನ್ ಎರಡು ಕಡೆಯಿಂದ ಬಂದರು. ಶಿಕಾರಿಪುರದಲ್ಲಿ ಸೋತ ದೋಂಡಿಯಾ ಹೊಳೆ ದಾಟಿ ಮರಾಠಾ ಸೀಮೆಗೆ ತಪ್ಪಿಸಿಕೊಂಡ. ಹುಟ್ಟೂರಲ್ಲಿ ನೆಲೆ ನಿಲ್ಲುವ ಆಸೆ ಅಲ್ಲಿಗೆ ಮುಗಿಯಿತು.

ಎರಡು ಲೋಕದ ಒಡೆಯ

ಮುಂದಿನ ವರ್ಷ ಇನ್ನೂ ದೊಡ್ಡ ದಂಡು ಕಟ್ಟಿ, ತನ್ನನ್ನು ‘ಉಭಯ ಲೋಕಾಧೀಶ್ವರ’ ಅಂತ ಕರೆದುಕೊಂಡ. 1800ರ ಜೂನ್ ಕೊನೆಯಲ್ಲಿ ಕಿತ್ತೂರು ಸೀಮೆಯಲ್ಲಿ ಹಳೇ ಹಗೆ ಗೋಖಲೆಯನ್ನೇ ಕೊಂದ.

ಆಗ ಬೆನ್ನು ಹತ್ತಿದ್ದು ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಮುಂದೆ ವೆಲ್ಲಿಂಗ್ಟನ್ ಆದವನು ಇವನೇ. ಡಚ್ಚರ ಬಟಾವಿಯಾದ ಮೇಲೆ ದಂಡು ಒಯ್ಯುವ ಅವಕಾಶ ಬಂದಿದ್ದರೂ ದೋಂಡಿಯಾನ ಕಾರಣಕ್ಕೆ ಅದನ್ನು ಬಿಟ್ಟಿದ್ದ. ರಾಣೆಬೆನ್ನೂರು, ಡಂಬಳ ಕೋಟೆಗಳು ಬಿದ್ದವು. ಜುಲೈ 30ರಂದು ಮುನವಳ್ಳಿ ಹತ್ತಿರ ಮಲಪ್ರಭೆ ದಡದಲ್ಲಿ ದೋಂಡಿಯಾನ ಸರಂಜಾಮು ಕೈತಪ್ಪಿತು, ಎಷ್ಟೋ ಜನ ಹೊಳೆಪಾಲಾದರು.

ಸೆಪ್ಟೆಂಬರ್ 10ರಂದು ನಿಜಾಮನ ಸೀಮೆಯ ಕೋನಗಲ್‌ನಲ್ಲಿ ಕೊನೆಯ ಕಾಳಗ. ದೋಂಡಿಯಾನ ಹತ್ತಿರ ಸುಮಾರು 5,000 ಸವಾರರು. ವೆಲ್ಲೆಸ್ಲಿ ನಾಲ್ಕು ಕುದುರೆ ರೆಜಿಮೆಂಟುಗಳನ್ನು ಒಂದೇ ಸಾಲಲ್ಲಿ ನಿಲ್ಲಿಸಿ ತಾನೇ ಮುಂದಾಗಿ ನುಗ್ಗಿದ. ದೋಂಡಿಯಾ ಅಲ್ಲೇ ಬಿದ್ದ. ಹೆಣವನ್ನು ಫಿರಂಗಿ ಗಾಡಿಗೆ ಕಟ್ಟಿ ಬಿಡಾರಕ್ಕೆ ತಂದರು.

ಮಗ ಸಲಾಬತ್ ಖಾನ್

ಸರಂಜಾಮಿನ ನಡುವೆ ಸುಮಾರು ನಾಲ್ಕು ವರ್ಷದ ಹುಡುಗ ಸಿಕ್ಕಿದ. ಅವನೇ ದೋಂಡಿಯಾನ ಮಗ ಸಲಾಬತ್ ಖಾನ್. ತಂದೆಯನ್ನು ಕೊಂದ ವೆಲ್ಲೆಸ್ಲಿಯೇ ಅವನನ್ನು ತನ್ನ ಡೇರೆಗೆ ಕರೆಸಿ ಸಾಕುವ ಹೊಣೆ ಹೊತ್ತ. 1805ರಲ್ಲಿ ಹಿಂದೂಸ್ಥಾನ ಬಿಟ್ಟು ಹೋಗುವಾಗ ಹುಡುಗನ ಖರ್ಚಿಗೆ ನೂರಾರು ಪೌಂಡ್ ಹಣವನ್ನು ಶ್ರೀರಂಗಪಟ್ಟಣದ ಕಲೆಕ್ಟರ್ ಕೈಲಿ ಇಟ್ಟುಹೋದ.

ದೊಡ್ಡವನಾದ ಮೇಲೆ ಸಲಾಬತ್ ಮೈಸೂರು ಮಹಾರಾಜರ ಚಾಕರಿಗೆ ಸೇರಿದ. ಆಗ ಮುಮ್ಮಡಿ ಕೃಷ್ಣರಾಜ ಒಡೆಯರ ಆಳ್ವಿಕೆ. ದೋಂಡಿಯಾ 1799ರಲ್ಲಿ ಮಲೆನಾಡನ್ನು ಹಿಡಿದಿದ್ದು ಇದೇ ಅರಸರ ಹೊಸ ರಾಜ್ಯದ ಎದುರು. ತಂದೆಗೆ ದಕ್ಕದ ನೆಲೆ, ಸಂಬಳದ ಕೆಲಸ ಮಗನಿಗೆ ಆ ಅರಸರ ಮನೆಯಲ್ಲೇ ಸಿಕ್ಕಿತು. ಅದೂ ಬಹಳ ಕಾಲ ಅಲ್ಲ. 1822ರಲ್ಲಿ ಕಾಲರಾ ಬಂದು ಸಲಾಬತ್ ತೀರಿಕೊಂಡ. ಆಗ ಅವನಿಗಿನ್ನೂ ಮೂವತ್ತು ತುಂಬಿರಲಿಲ್ಲ.

ನೋಡಬೇಕೆಂದರೆ

ಕೆಳದಿ ಚೆನ್ನಮ್ಮನ ಹೆಸರು ಹೊತ್ತ ಚನ್ನಗಿರಿಯಲ್ಲಿ ಗುಡ್ಡದ ಮೇಲೆ ಕೋಟೆ, ರಂಗನಾಥಸ್ವಾಮಿ ಗುಡಿ ಇವೆ. ಶಿವಮೊಗ್ಗ, ಭದ್ರಾವತಿ ಎರಡೂ ಕಡೆಯಿಂದ ಬೆಳಗ್ಗೆ ಹೋಗಿ ಸಂಜೆಯೊಳಗೆ ವಾಪಸ್ ಬರಬಹುದು.