ಆಳಿನ ಪೀಠ, ಧಣಿಯ ಚೀಲ

ಕನ್ನಡದಲ್ಲಿ ‘ಡಿಕ್ಕಿ’ ಎಂಬ ಮಾತಿಗೆ ಎರಡು ಅರ್ಥ. ಲಾರಿ ಬಂದು ಕಾರಿಗೆ ಹೊಡೆದರೆ ಅದು ಡಿಕ್ಕಿ. ಆ ಕಾರಿನ ಹಿಂಬದಿಯಲ್ಲಿ ಸಾಮಾನು ತುಂಬುವ ಗೂಡೂ ಡಿಕ್ಕಿಯೇ. ಮೊದಲನೆಯದು ಬಹುಕಾಲದಿಂದ ಆಡುಮಾತಿನಲ್ಲಿ ಇರುವಂಥದು. ಎರಡನೆಯದು ಇಂಗ್ಲಿಷರ ಜೊತೆ ಹಡಗು ಹತ್ತಿ ಬಂದದ್ದು. ವಿಚಿತ್ರವೆಂದರೆ ಇಂದು ಇಂಗ್ಲೆಂಡಿನಲ್ಲಿ ಕಾರಿನ ಸಾಮಾನು ಗೂಡನ್ನು ಯಾರೂ ಡಿಕ್ಕಿ ಎನ್ನುವುದಿಲ್ಲ. ಅವರಿಗೆ ಅದು ‘ಬೂಟ್’. ಅಮೆರಿಕನ್ನರಿಗೆ ‘ಟ್ರಂಕ್’. ತವರಿನಲ್ಲಿ ಮರೆತುಹೋದ ಮಾತು ನಮ್ಮ ಟ್ಯಾಕ್ಸಿ ಸ್ಟ್ಯಾಂಡುಗಳಲ್ಲಿ, ಗ್ಯಾರೇಜುಗಳಲ್ಲಿ ಇನ್ನೂ ಬದುಕಿದೆ.

ಕಾರು ಕೊಳ್ಳುವವರು ಇಂದು ಮೈಲೇಜಿನ ನಂತರ ಕೇಳುವ ಪ್ರಶ್ನೆಗಳಲ್ಲಿ ಡಿಕ್ಕಿ ಎಷ್ಟು ದೊಡ್ಡದು ಎಂಬುದೂ ಒಂದು. ಗಾಲ್ಫ್ ಆಡುವವರಿಗಂತೂ ಇದೇ ಮುಖ್ಯ ಪ್ರಶ್ನೆ. ದಾಂಡುಗಳನ್ನು ತುಂಬಿದ ಉದ್ದನೆಯ ಚೀಲ ಅದರಲ್ಲಿ ಹಿಡಿಸೀತೇ? ಮೇಲುನೋಟಕ್ಕೆ ಇದು ಸಿರಿವಂತರ ಸಣ್ಣ ಚಿಂತೆಯಂತೆ ಕಾಣುತ್ತದೆ. ಆದರೆ ಆ ಗೂಡು ಹುಟ್ಟಿದ್ದು ಹೇಗೆ, ಅದರಲ್ಲಿ ಮೊದಲು ಯಾರಿದ್ದರು, ಆಮೇಲೆ ಏನು ಬಂತು ಎಂದು ನೋಡುತ್ತಾ ಹೋದರೆ ಮೋಟಾರು ಕಾರಿನ ಚರಿತ್ರೆಯ ಒಂದು ಒಳಮನೆಯೇ ತೆರೆದುಕೊಳ್ಳುತ್ತದೆ.

ಮಳೆಯಲ್ಲಿ ನೆನೆಯುವ ಪೀಠ

ಕುದುರೆ ಸಾರೋಟಿನ ಕಾಲದ ಇಂಗ್ಲೆಂಡಿನಲ್ಲಿ ಗಾಡಿಯ ಒಳಗೆ ಧಣಿಯ ಸಂಸಾರ ಕೂರುತ್ತಿತ್ತು. ಹೊರಗೆ, ಮುಂದೆಯೋ ಹಿಂದೆಯೋ, ಮಳೆ ಬಿಸಿಲಿಗೆ ತೆರೆದುಕೊಂಡಂತೆ ಇನ್ನೊಂದು ಪೀಠ. ಗಾಡಿ ಹೊಡೆಯುವವನೋ ಮನೆಯ ಆಳುಗಳೋ ಕೂರುವ ಆ ಜಾಗಕ್ಕೆ ‘ಡಿಕ್ಕಿ’ ಎಂದು ಹೆಸರು. ‘ಬೂಟ್’ ಎಂಬುದರ ಹುಟ್ಟೂ ಇದಕ್ಕಿಂತ ಬಹಳ ಬೇರೆಯಲ್ಲ. 17ನೇ ಶತಮಾನದ ದೊಡ್ಡ ಸಾರೋಟುಗಳಲ್ಲಿ ಪಕ್ಕದ ಮೆಟ್ಟಿಲ ಬಳಿ ಸೇವಕರು ಹೊರಮುಖವಾಗಿ ಕೂರುತ್ತಿದ್ದ ತೆರವಿಗೆ ಆ ಹೆಸರಿತ್ತು. ಕ್ರಮೇಣ ಅದೇ ಹೆಸರು ಗಾಡಿಯ ಹೊರಗೆ ಗಂಟುಮೂಟೆ ಇಡುವ ಪೆಟ್ಟಿಗೆಗೆ ಅಂಟಿಕೊಂಡಿತು. ಹೀಗೆ ಡಿಕ್ಕಿ, ಬೂಟ್ ಎರಡೂ ಮೊದಲು ಮನುಷ್ಯರು ಕೂರುವ ಜಾಗಗಳೇ. ಆಳುಗಳು ಎದ್ದುಹೋದ ಮೇಲೆ ಆ ಜಾಗಕ್ಕೆ ಸಾಮಾನು ಬಂತು.

ಮೊದಲ ತಲೆಮಾರಿನ ಕಾರುಗಳಿಗೆ ಸಾಮಾನಿನ ಗೂಡೇ ಇರಲಿಲ್ಲ. ಕಬ್ಬಿಣದ ಚೌಕಟ್ಟೊಂದನ್ನು ಹಿಂಬದಿಗೆ ಜೋಡಿಸಿ, ಅದರ ಮೇಲೆ ಪ್ರಯಾಣದ ಪೆಟ್ಟಿಗೆಯನ್ನು ತೊಗಲಿನ ಪಟ್ಟಿಯಿಂದ ಬಿಗಿಯುತ್ತಿದ್ದರು. ಅಮೆರಿಕನ್ನರ ‘ಟ್ರಂಕ್’ ಎಂಬ ಮಾತು ಆ ಪೆಟ್ಟಿಗೆಯದೇ. ನಮ್ಮ ಅಜ್ಜಿಯರ ಕಾಲದ ಟ್ರಂಕೂ ಅದರ ಬಂಧುವೇ.

ಸಾರೋಟಿನ ಡಿಕ್ಕಿ ಕಾರಿಗೂ ಬಂತು. ಇಬ್ಬರೇ ಕೂರುವ ಕಾರುಗಳ ಹಿಂಬದಿಯ ಮುಚ್ಚಳವನ್ನು ಎಳೆದು ತೆರೆದರೆ ಅದೇ ಒರಗು ಬೆನ್ನಾಗಿ, ಒಳಗೆ ಇನ್ನಿಬ್ಬರು ಕೂರುವಷ್ಟು ಪೀಠ. ತಲೆಯ ಮೇಲೆ ಚಾವಣಿ ಇಲ್ಲ, ಮುಂದಿನವರೊಡನೆ ಮಾತಾಡುವಂತಿಲ್ಲ, ದಾರಿಯ ದೂಳೆಲ್ಲ ಮುಖಕ್ಕೆ. ಅಮೆರಿಕದಲ್ಲಿ ಇದು ‘ರಂಬಲ್ ಸೀಟ್’. ಜರ್ಮನರು ಇದಕ್ಕೆ ‘ಅತ್ತೆಯ ಪೀಠ’ ಎಂದು ಹೆಸರಿಟ್ಟು ನಕ್ಕರು. ಅಲ್ಲಿ ಯಾರನ್ನು ಕೂರಿಸಬೇಕೆಂದು ಅವರಿಗೆ ಅನಿಸಿತ್ತು ಎಂಬುದು ಹೆಸರಿನಲ್ಲೇ ಇದೆ. ಯಾರೂ ಕೂರದಿದ್ದಾಗ ಅಲ್ಲಿ ಸಾಮಾನು ತುಂಬುವುದು ರೂಢಿಯಾಯಿತು. ಕಾರಿನ ಮೈಯೊಳಗೇ ಸಾಮಾನಿನ ಗೂಡನ್ನು ಅಡಗಿಸುವ ವಿನ್ಯಾಸ 1930ರ ದಶಕದಲ್ಲಿ ಹರಡಿದ ಮೇಲೆ ಪೀಠ ಹೋಯಿತು, ಮುಚ್ಚಳ ಉಳಿಯಿತು. ಭಾರತದಲ್ಲಿ ಹೆಸರೂ ಉಳಿಯಿತು.

ಚೀಲಕ್ಕೊಂದು ಬಾಗಿಲು

ಈ ನಡುವೆ, 1920 ಮತ್ತು 30ರ ದಶಕಗಳ ಅಮೆರಿಕದಲ್ಲಿ, ಕಾರಿನ ಮೈಮೇಲೆ ಒಂದು ಕುತೂಹಲದ ಭಾಗ ಕಾಣಿಸಿಕೊಂಡಿತು. ಪ್ಯಾಕರ್ಡ್, ಬ್ಯೂಕ್, ಆಬರ್ನ್ ಮುಂತಾದ ಕಂಪನಿಗಳ ಇಬ್ಬರ ಕಾರುಗಳಲ್ಲಿ ಮುಂದಿನ ಬಾಗಿಲಿಗೂ ಹಿಂದಿನ ಚಕ್ರದ ಮರೆಗೂ ನಡುವೆ ಗೂಡಿನ ಕದದಷ್ಟೇ ಪುಟ್ಟದಾದ ಬಾಗಿಲೊಂದು ಇರುತ್ತಿತ್ತು. ಅದು ಗಾಲ್ಫ್ ಚೀಲ ತೂರಿಸುವ ಬಾಗಿಲು.

ಇದರ ಹಿಂದಿನ ಲೆಕ್ಕ ಸರಳ. ಮುಂದಿನ ಸೀಟಿನ ಬೆನ್ನಿಗೂ ರಂಬಲ್ ಸೀಟಿನವರ ಕಾಲಿಡುವ ಜಾಗಕ್ಕೂ ನಡುವೆ ಕಾರಿನ ಅಗಲಕ್ಕೂ ಹಾಯುವ ಒಂದು ಸಂದು ಉಳಿಯುತ್ತಿತ್ತು. ಒಳಗಿನಿಂದ ಅದಕ್ಕೆ ಕೈ ಎಟುಕದು, ಸೂಟ್‌ಕೇಸ್ ಇಡುವಷ್ಟು ಎತ್ತರವೂ ಅಲ್ಲಿಲ್ಲ. ಆದರೆ ಸಪೂರವಾಗಿ ಉದ್ದನೆಯ ವಸ್ತುವಿಗೆ ಅದು ಹೇಳಿ ಮಾಡಿಸಿದ ಜಾಗ. ಪಕ್ಕದಿಂದ ಬಾಗಿಲಿಟ್ಟರೆ ಚೀಲ ಅಡ್ಡಡ್ಡಲಾಗಿ ಒಳಗೆ ಜಾರಿಕೊಳ್ಳುತ್ತಿತ್ತು.

ಮಾರಾಟದ ಲೆಕ್ಕವೂ ಇದರಲ್ಲಿತ್ತು. ಇಬ್ಬರೇ ಕೂರುವ ಕಾರು ಸಂಸಾರಸ್ಥರ ವಾಹನವಲ್ಲ; ಬಿಡುವಿದ್ದವರ, ಕೈಯಲ್ಲಿ ಹಣ ಓಡಾಡುತ್ತಿದ್ದವರ ವಾಹನ. ಊರ ಹೊರಗಿನ ಗಾಲ್ಫ್ ಮೈದಾನಕ್ಕೆ ಹೋಗುವುದು ಅವರ ವಾರಾಂತ್ಯದ ವ್ರತ. ಅಂಥವರಿಗೆ ಆ ಪುಟ್ಟ ಬಾಗಿಲು ‘ಇದು ನಿಮಗೆಂದೇ ಮಾಡಿದ ಕಾರು’ ಎಂದು ಹೇಳುತ್ತಿತ್ತು. ಒಂದೇ ಕಾರಿನಲ್ಲಿ ಹಿಂದೆ ಕುಳಿತವರ ನೆತ್ತಿಗೆ ಸೂರಿಲ್ಲ, ದಾಂಡಿನ ಚೀಲಕ್ಕೆ ಮಾತ್ರ ಪ್ರತ್ಯೇಕ ಕೋಣೆ, ಬಾಗಿಲು, ಚಿಲಕ.

ಆಗ ಚೀಲವೂ ಭಾರವಾಗುತ್ತಿತ್ತು. ಆಟಗಾರರು ಬಗೆಬಗೆಯ ದಾಂಡುಗಳನ್ನು ಲೆಕ್ಕವಿಲ್ಲದೆ ತುಂಬಿಕೊಳ್ಳುವುದನ್ನು ನೋಡಿ ಅಮೆರಿಕದ ಗಾಲ್ಫ್ ಸಂಸ್ಥೆ 1938ರಲ್ಲಿ, ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ಸಂಸ್ಥೆ 1939ರಲ್ಲಿ 14 ದಾಂಡುಗಳ ಮಿತಿ ಹಾಕಿದವು. ಆ ಮಿತಿ ಇಂದಿಗೂ ಇದೆ. ಕಾರು ತಯಾರಿಸುವವರಿಗೆ ಇದರಿಂದ ಚೀಲದ ಗಾತ್ರ ಸುಮಾರಾಗಿ ನಿಶ್ಚಿತವಾಯಿತು.

ಗಾಲ್ಫ್ ಚೀಲವೇ ಮಾಪನ

ಬಾಗಿಲು ಮರೆಯಾದರೂ ಚೀಲ ಮರೆಯಾಗಲಿಲ್ಲ. ಅಮೆರಿಕದ ಶೆವರ್ಲೆ ಕಂಪನಿಯ ಕಾರ್ವೆಟ್ ಕಾರು ಇದಕ್ಕೆ ಒಳ್ಳೆಯ ಉದಾಹರಣೆ. 1963ರಿಂದ ಸುಮಾರು ಎರಡು ದಶಕ ಈ ಓಟದ ಕಾರಿಗೆ ಹಿಂದಿನಿಂದ ತೆರೆಯುವ ಡಿಕ್ಕಿಯೇ ಇರಲಿಲ್ಲ. ಸಾಮಾನನ್ನು ಸೀಟಿನ ಹಿಂದಿನಿಂದ ತುರುಕಬೇಕಿತ್ತು. ಮುಂದೆ ಕೊಳ್ಳುವವರ ವಯಸ್ಸು, ಹವ್ಯಾಸ ಎರಡೂ ಕಂಪನಿಯ ಗಮನಕ್ಕೆ ಬಂದಂತೆ ವಿನ್ಯಾಸ ಬದಲಾಯಿತು. 2020ರ ಮಾದರಿಯಲ್ಲಿ ಎಂಜಿನ್ ಮುಂಭಾಗದಿಂದ ನಡುಭಾಗಕ್ಕೆ ಸರಿದು ಜಾಗವೆಲ್ಲ ಇಕ್ಕಟ್ಟಾದಾಗಲೂ ಹಿಂದಿನ ಗೂಡಿನಲ್ಲಿ ಎರಡು ಗಾಲ್ಫ್ ಚೀಲ ಹಿಡಿಸುತ್ತವೆ ಎಂದು ಕಂಪನಿ ಹೇಳಿಕೊಂಡಿತು.

ಜಪಾನಿನಲ್ಲಿ ಇದು ಇನ್ನೂ ನೇರ. ಅಲ್ಲಿನ ಕಾರುಗಳ ಕಿರುಹೊತ್ತಗೆಗಳಲ್ಲಿ ಡಿಕ್ಕಿಯ ಗಾತ್ರ ಹೇಳುವಾಗ ‘9 ಇಂಚಿನ ಗಾಲ್ಫ್ ಚೀಲ ಇಷ್ಟು’ ಎಂದು ಎಣಿಸಿ ಹೇಳುವ ಪದ್ಧತಿ ಇದೆ. ಅಲ್ಲಿ ಗಾಲ್ಫ್ ಎಂದರೆ ಆಟ ಮಾತ್ರವಲ್ಲ, ವ್ಯಾಪಾರದ ಉಪಚಾರ. ಗಿರಾಕಿಯನ್ನು, ಮೇಲಧಿಕಾರಿಯನ್ನು ಒಂದೇ ಕಾರಿನಲ್ಲಿ ಕೂರಿಸಿಕೊಂಡು ದೂರದ ಮೈದಾನಕ್ಕೆ ಕರೆದೊಯ್ಯಬೇಕು. ನಾಲ್ವರು ಕೂತ ಮೇಲೆ ನಾಲ್ಕು ಚೀಲ ಹಿಡಿಸದಿದ್ದರೆ ಕಾರಿನ ಯಜಮಾನನ ಮರ್ಯಾದೆಯ ಪ್ರಶ್ನೆ. ಸಣ್ಣ ಕಾರಿನವರಿಗೆ, ರೈಲಿನಲ್ಲಿ ಹೋಗುವವರಿಗೆ ಬೇರೆ ದಾರಿ ಹುಟ್ಟಿಕೊಂಡಿತು. 1984ರಲ್ಲಿ ಯಮಾಟೊ ಎಂಬ ಸಾಗಣೆ ಸಂಸ್ಥೆ ಗಾಲ್ಫ್ ಚೀಲವನ್ನು ಮನೆಯಿಂದ ಮೈದಾನಕ್ಕೆ, ಮೈದಾನದಿಂದ ಮನೆಗೆ ತಲುಪಿಸುವ ಸೇವೆಯನ್ನೇ ಆರಂಭಿಸಿತು.

ರಾಗಿ ಬೇರೆ, ಒನಕೆ ಬೇರೆ

ಜಪಾನೀಯರ ಎಣಿಕೆ ಹಾಸ್ಯವೆನಿಸಿದರೂ ಅದರಲ್ಲಿ ವಿವೇಕವಿದೆ. ನಮ್ಮಲ್ಲಿ, ಯುರೋಪಿನಲ್ಲಿ ಡಿಕ್ಕಿಯನ್ನು ಅಳೆಯುವುದು ಲೀಟರಿನಲ್ಲಿ. ಜರ್ಮನಿಯ ಕಾರು ಉದ್ಯಮದ ಒಕ್ಕೂಟ ರೂಢಿಗೆ ತಂದ ಕ್ರಮದಂತೆ 20 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲ, 5 ಸೆಂ.ಮೀ. ದಪ್ಪದ ಇಟ್ಟಿಗೆಯಾಕಾರದ ತುಂಡುಗಳನ್ನು ಗೂಡಿನಲ್ಲಿ ಜೋಡಿಸಿ ಎಣಿಸುತ್ತಾರೆ. ಒಂದೊಂದು ತುಂಡೂ ಸರಿಯಾಗಿ ಒಂದು ಲೀಟರ್. ಸಂದುಗೊಂದುಗಳಲ್ಲೂ ಈ ತುಂಡು ಕೂರುತ್ತದೆ, ಲೆಕ್ಕಕ್ಕೆ ಸೇರುತ್ತದೆ.

ತೊಡಕು ಇಲ್ಲಿಯೇ. ಹತ್ತು ಸೇರು ರಾಗಿ ಹಿಡಿಯುವ ಪಾತ್ರೆಯಲ್ಲಿ ಒನಕೆ ಹಿಡಿಯುವುದಿಲ್ಲ. ಗಾಲ್ಫ್ ಚೀಲ ಒನಕೆಯ ಜಾತಿಯದು. ಚೀಲದ ಉದ್ದ ಸುಮಾರು 90 ಸೆಂ.ಮೀ. ಆದರೂ ಅದರಿಂದ ತಲೆ ಹೊರಹಾಕುವ ‘ಡ್ರೈವರ್’ ಎಂಬ ಉದ್ದನೆಯ ದಾಂಡೇ 45 ಇಂಚು, ಅಂದರೆ 114 ಸೆಂ.ಮೀ. ಇರುತ್ತದೆ. ಎರಡೂ ಸೇರಿ ಸುಮಾರು 120 ಸೆಂ.ಮೀ. ಮಧ್ಯಮ ಗಾತ್ರದ ಕಾರಿನಲ್ಲಿ ಹಿಂದಿನ ಚಕ್ರಗಳ ಉಬ್ಬುಗಳ ನಡುವೆ ಸಿಗುವ ಅಗಲ ಒಂದು ಮೀಟರಿನ ಆಸುಪಾಸು. ಹಾಗಾಗಿ 400 ಲೀಟರಿನ ಡಿಕ್ಕಿ ಚೀಲವನ್ನು ಅಡ್ಡಕ್ಕೆ ಒಲ್ಲೆನೆನ್ನಬಹುದು, 350 ಲೀಟರಿನದು ಒಳಗೆ ಬಿಟ್ಟುಕೊಳ್ಳಬಹುದು.

ಅನುಭವಸ್ಥರು ಮೂರು ಅಳತೆ ನೋಡುತ್ತಾರೆ. ಮೊದಲನೆಯದು, ಚಕ್ರದ ಉಬ್ಬು ದಾಟಿದ ಮೇಲೆ ಬಾಗಿಲ ಕಡೆ ಸಿಗುವ ಅಗಲ. ಎರಡನೆಯದು, ಮೂಲೆಯಿಂದ ಮೂಲೆಗೆ ಓರೆಯಾಗಿ ಸಿಗುವ ಉದ್ದ. ಮೂರನೆಯದು, ತೆರೆದ ಬಾಯಿಯ ಅಗಲ. ಒಳಗೆ ಎಷ್ಟೇ ಜಾಗವಿದ್ದರೂ ಬಾಯಿ ಕಿರಿದಾದರೆ ಚೀಲ ಒಳಗೆ ಹೋಗದು. ಸೆಡಾನ್ ಕಾರುಗಳಲ್ಲಿ ಮುಚ್ಚಳದ ಬಾಗಿದ ಕೀಲುತೋಳು ಮುಚ್ಚುವಾಗ ಒಳಗಿಳಿದು ಚೀಲವನ್ನು ಒತ್ತುವುದೂ ಉಂಟು. ಡ್ರೈವರ್ ದಾಂಡನ್ನು ಹೊರತೆಗೆದು ಪ್ರತ್ಯೇಕವಾಗಿಟ್ಟರೆ ಎಷ್ಟೋ ಕಾರುಗಳಲ್ಲಿ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ಹಿಂದಿನ ಸೀಟಿನ ಒಂದು ಭಾಗವನ್ನಷ್ಟೇ ಮಡಚಲು ಬರುವ ಕಾರಾದರೆ ಇನ್ನೂ ಸುಲಭ.

ನಾಲ್ಕು ಮೀಟರಿನ ಕತ್ತರಿ

ಭಾರತಕ್ಕೆ ಗಾಲ್ಫ್ ಕಾರಿಗಿಂತ ಬಹಳ ಮೊದಲೇ ಬಂತು. ಕಲ್ಕತ್ತೆಯ ಗಾಲ್ಫ್ ಕ್ಲಬ್ಬು 1829ರದು, ಬೆಂಗಳೂರಿನದು 1876ರದು. ಆದರೆ ನಮ್ಮ ಡಿಕ್ಕಿಗೆ ಅಳತೆಗೋಲಾದದ್ದು ಗಾಲ್ಫ್ ಚೀಲವಲ್ಲ. ಅಕ್ಕಿ ಮೂಟೆ, ತೆಂಗಿನಕಾಯಿ ಚೀಲ, ಮದುವೆ ಮನೆಯ ಪಾತ್ರೆ, ಊರಿಗೆ ಹೊರಟವರ ಹೋಲ್ಡಾಲು ಇವೆಲ್ಲ ಹಿಡಿಸುತ್ತಿದ್ದುದರಿಂದಲೇ ಅಂಬಾಸಡರ್ ಕಾರು 2014ರಲ್ಲಿ ತಯಾರಿಕೆ ನಿಲ್ಲುವವರೆಗೂ ಟ್ಯಾಕ್ಸಿಯವರ ಪ್ರೀತಿ ಉಳಿಸಿಕೊಂಡಿತ್ತು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಮಧ್ಯಮ ವರ್ಗದ ಕೈಗೆ ಕಾರು ಕೊಟ್ಟಿತು, ಡಿಕ್ಕಿಯನ್ನು ಮಾತ್ರ ಹೆಸರಿಗಷ್ಟೇ ಉಳಿಸಿತು.

ಆಮೇಲೆ ಡಿಕ್ಕಿಯ ಗಾತ್ರವನ್ನು ತೀರ್ಮಾನಿಸಿದ್ದು ತೆರಿಗೆ. 2006ರ ಬಜೆಟ್ಟಿನಲ್ಲಿ ಕೇಂದ್ರ ಸರ್ಕಾರ 4 ಮೀಟರಿಗಿಂತ ಕಡಿಮೆ ಉದ್ದದ, ಸಣ್ಣ ಎಂಜಿನ್ನಿನ ಕಾರುಗಳ ಅಬಕಾರಿ ಸುಂಕವನ್ನು ಶೇ 24ರಿಂದ ಶೇ 16ಕ್ಕೆ ಇಳಿಸಿತು. ಕಂಪನಿಗಳು ಕತ್ತರಿ ಹಿಡಿದವು. ಎಂಜಿನ್ನನ್ನು ಕತ್ತರಿಸುವಂತಿಲ್ಲ, ಕೂತವರ ಕಾಲನ್ನೂ ಕತ್ತರಿಸುವಂತಿಲ್ಲ; ಉಳಿದದ್ದು ಡಿಕ್ಕಿ. 2008ರಲ್ಲಿ ಬಂದ ಮಾರುತಿ ಸ್ವಿಫ್ಟ್ ಡಿಜೈರ್‌ನ ಡಿಕ್ಕಿ 440 ಲೀಟರ್ ಇತ್ತು. ಅದೇ ಕಾರನ್ನು 2012ರಲ್ಲಿ 4 ಮೀಟರಿನೊಳಕ್ಕೆ ತಂದಾಗ ಅದು 316 ಲೀಟರಿಗೆ ಇಳಿಯಿತು. ನಂತರದ ಮಾದರಿಗಳಲ್ಲಿ ಜಾಣತನದಿಂದ ಒಂದಿಷ್ಟು ಜಾಗ ಮರಳಿತು. 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಪರಿಷ್ಕರಣೆಯಾದಾಗಲೂ 4 ಮೀಟರಿನ ಗೆರೆ ಅಳಿಯಲಿಲ್ಲ. ಗೆರೆಯೊಳಗಿನ ಸಣ್ಣ ಎಂಜಿನ್ ಕಾರುಗಳಿಗೆ ಶೇ 18, ದೊಡ್ಡವಕ್ಕೆ ಶೇ 40 ತೆರಿಗೆ ನಿಗದಿಯಾಯಿತು. ಸಿಎನ್‌ಜಿ ಕಾರುಗಳಲ್ಲಿ ಉಳಿದ ಜಾಗವನ್ನೂ ಸಿಲಿಂಡರ್ ಆಕ್ರಮಿಸಿಕೊಂಡಿತ್ತು. 2023ರಲ್ಲಿ ಟಾಟಾ ಕಂಪನಿ ಒಂದು ದೊಡ್ಡ ಸಿಲಿಂಡರಿನ ಬದಲು ಎರಡು ಸಣ್ಣವನ್ನು ಡಿಕ್ಕಿಯ ತಳದಲ್ಲಿ ಅಡಗಿಸಿ ಈ ಜಾಗವನ್ನು ಬಿಡಿಸಿಕೊಂಡಿತು.

ಚೀಲ ಹೊತ್ತವರು

ಕಾರು ಚೀಲವನ್ನು ಮೈದಾನದ ಬಾಗಿಲವರೆಗೆ ಮಾತ್ರ ಹೊರುತ್ತದೆ. ಅಲ್ಲಿಂದ ಮುಂದೆ, ವಿಶೇಷವಾಗಿ ಭಾರತದಲ್ಲಿ, ಅದನ್ನು ಹೊರುವವನು ‘ಕ್ಯಾಡಿ’. ಡಿಕ್ಕಿಯಿಂದ ಚೀಲ ಇಳಿಸುವುದು, ಆಟ ಮುಗಿದ ಮೇಲೆ ದಾಂಡು ಒರೆಸಿ ಮತ್ತೆ ಡಿಕ್ಕಿಗೇರಿಸುವುದು ಅವನ ಕೆಲಸ. ಯಾವ ಕಾರಿನ ಡಿಕ್ಕಿಯಲ್ಲಿ ಚೀಲ ಸಲೀಸಾಗಿ ಕೂರುತ್ತದೆ, ಯಾವುದರಲ್ಲಿ ತಿಣುಕಬೇಕು ಎಂಬುದು ಕಾರು ಮಾರುವವರಿಗಿಂತ ಅವನಿಗೇ ಚೆನ್ನಾಗಿ ಗೊತ್ತಿರುತ್ತದೆ.

ಈ ಕ್ಯಾಡಿಗಳೇ ಭಾರತದ ಗಾಲ್ಫ್ ಚರಿತ್ರೆಗೆ ತಿರುವು ಕೊಟ್ಟರು. ದಿಲ್ಲಿಯಲ್ಲಿ ಕ್ಯಾಡಿಯಾಗಿದ್ದ ಅಲಿ ಶೇರ್ 1991ರಲ್ಲಿ ಇಂಡಿಯನ್ ಓಪನ್ ಗೆದ್ದು, ಆ ಪ್ರಶಸ್ತಿ ಪಡೆದ ಮೊದಲ ಭಾರತೀಯ ವೃತ್ತಿಪರ ಆಟಗಾರರಾದರು. 2009ರಲ್ಲಿ ಅದೇ ಪ್ರಶಸ್ತಿ ಗೆದ್ದ ಸಿ. ಮುನಿಯಪ್ಪ ಬೆಂಗಳೂರಿನಲ್ಲಿ ಕ್ಯಾಡಿಯಾಗಿ ಬೇರೆಯವರ ಚೀಲ ಹೊತ್ತವರು. ಹುಲ್ಲುಹಾಸಿನ ಏರುತಗ್ಗು, ಗಾಳಿಯ ದಿಕ್ಕು, ಯಾವ ದೂರಕ್ಕೆ ಯಾವ ದಾಂಡು ಎಂಬುದನ್ನು ಅವರು ಕಲಿತದ್ದು ಚೀಲದ ಪಟ್ಟಿ ಹೆಗಲಿಗೆ ಒತ್ತುತ್ತಿದ್ದ ದಿನಗಳಲ್ಲಿ.

ಆಳು ಕೂರುತ್ತಿದ್ದ ಪೀಠದ ಹೆಸರನ್ನು ನಾವು ಇಂದಿಗೂ ಬಳಸುತ್ತೇವೆ, ಅದರ ಮೂಲವನ್ನು ಮರೆತಿದ್ದೇವೆ. ಆ ಜಾಗಕ್ಕೆ ಪೆಟ್ಟಿಗೆ ಬಂತು, ಚೀಲ ಬಂತು, ಸಿಲಿಂಡರ್ ಬಂತು. ಕಾರು ಕೊಳ್ಳಲು ಹೊರಟವರು ಕಿರುಹೊತ್ತಗೆಯ ಲೀಟರನ್ನಷ್ಟೇ ನೆಚ್ಚದೆ ತಮ್ಮ ಚೀಲವನ್ನೇ ಷೋರೂಮಿಗೆ ಒಯ್ದು ಇಟ್ಟು ನೋಡುವುದು ಲೇಸು. ಜೊತೆಗೆ ಆ ಚೀಲವನ್ನು ದಿನವೂ ಎತ್ತಿ ಇಳಿಸುವವರನ್ನು ಒಂದು ಮಾತು ಕೇಳಿದರೆ ಇನ್ನೂ ಲೇಸು.